ವರ್ಕ್ ಪರ್ಮಿಟ್ ಮೇಲೆ ಸ್ವಂತ ಕಾಂಟ್ರಾಕ್ಟರ್ ಆಗಬಹುದೇ? ಗಂಗಾವತಿಯ ಒಂದು ಮನೆಯ ಪ್ರಕರಣ

ಇದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಒಂದು ರೈತ ಮನೆಯ ಕಥೆ. ಮನೆಯವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಊರು, ಕಂಪನಿ ಯಾವುದನ್ನೂ ಹೇಳುವುದಿಲ್ಲ. ಹಣದ ಅಂಕಿಗಳನ್ನು ಮಾತ್ರ ಇದ್ದ ಹಾಗೆ ಕೊಟ್ಟಿದ್ದೇನೆ. ಅವಿಲ್ಲದೆ ಈ ವಿಷಯ ಅರ್ಥವಾಗುವುದಿಲ್ಲ.

ಮಗಳು ಬಳ್ಳಾರಿಯಲ್ಲಿ ಬಿಇ ಮುಗಿಸಿ, 2021ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಾಲೇಜೊಂದಕ್ಕೆ ಎರಡು ವರ್ಷದ ಡಿಪ್ಲೊಮಾ ಓದಲು ಹೋದಳು. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿತ್ತು. ಹಾಗಾಗಿ ಬ್ಯಾಂಕು ಅಡಮಾನ ಕೇಳಿತು. ಅಪ್ಪ ಗಂಗಾವತಿಯಲ್ಲಿದ್ದ ಸೈಟು ಬರೆದುಕೊಟ್ಟರು. ಮನೆಯ ಆದಾಯ ಅಂದರೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗದಲ್ಲಿ ನಿದ್ದೆಗೆಡದ ಮನೆ ಇಲ್ಲ. ಆಮೇಲೆ ಡ್ಯಾಮ್ ಮತ್ತೆ ತುಂಬಿತು, ನಿಜ. ಆದರೆ "ಒಂದು ಬೆಳೆ ಹೋದ್ರೆ ಕಂತು ಎಲ್ಲಿಂದ ಕಟ್ಟಲಿ" ಎಂಬ ಭಯ ಅಪ್ಪನ ಎದೆಯಲ್ಲಿ ಹಾಗೇ ಉಳಿಯಿತು. ಗೇಟ್ ಹೋದ ಎರಡು ತಿಂಗಳ ನಂತರ ಮಗಳಿಗೆ ಬಂದ ಕೆಲಸದ ಆಫರನ್ನು ಈ ಮನೆ ನೋಡಿದ್ದು ಆ ಭಯದ ಕಣ್ಣಿಂದ.

2023ರಲ್ಲಿ ಓದು ಮುಗಿದ ಮೇಲೆ ಅವಳಿಗೆ ಮೂರು ವರ್ಷದ ಪಿಜಿಡಬ್ಲ್ಯುಪಿ ಸಿಕ್ಕಿತ್ತು. ಅಂದರೆ ಓದು ಮುಗಿಸಿದವರಿಗೆ ಕೆನಡಾ ಕೊಡುವ ಕೆಲಸದ ಪರ್ಮಿಟ್. ಇದು ಜೀವಮಾನಕ್ಕೆ ಒಂದೇ ಸಲ ಸಿಗುವುದು. ಓದಿಗೆ ತಕ್ಕ ಕೆಲಸ ಕೂಡಲೇ ಸಿಗಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಅಂಗಡಿಯಲ್ಲಿ ನಿಂತು ದುಡಿದಳು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 17.20 ಡಾಲರ್ ಆಗಿತ್ತು. ಅದೇ ತಿಂಗಳು ಒಂದು ಸಾಫ್ಟ್‌ವೇರ್ ಕಂಪನಿ ಟೆಸ್ಟಿಂಗ್ ಕೆಲಸಕ್ಕೆ ಕರೆಯಿತು. ಗಂಟೆಗೆ 32 ಡಾಲರ್. ಷರತ್ತು ಒಂದೇ: "ನಾವು ಪೇರೋಲ್‌ಗೆ (ಸಂಬಳದ ನೌಕರರ ಪಟ್ಟಿಗೆ) ತಗೊಳ್ಳೋದಿಲ್ಲ. ನೀವು ಸ್ವಂತ ಕಾಂಟ್ರಾಕ್ಟರ್ ಅಂತ ರಿಜಿಸ್ಟರ್ ಮಾಡಿಕೊಂಡು, ಬಿಸಿನೆಸ್ ನಂಬರ್ ಪಡೆದು, ಹದಿನೈದು ದಿನಕ್ಕೊಮ್ಮೆ ಬಿಲ್ ಕಳಿಸಿ."

ನಾನು ಗಂಗಾವತಿಯಲ್ಲಿ ರೈಸ್ ಮಿಲ್ಲುಗಳ, ಸಣ್ಣ ಗುತ್ತಿಗೆದಾರರ ಜಿಎಸ್‌ಟಿ ಮತ್ತು ಆದಾಯ ತೆರಿಗೆ ಲೆಕ್ಕ ನೋಡುವವನು. ಅವಳ ಅಪ್ಪ ನನ್ನ ಹಳೆಯ ಪರಿಚಯ. ಒಂದು ದಿನ ಬೆಳಿಗ್ಗೆ ಆಫೀಸಿಗೆ ಬಂದು ವಾಟ್ಸ್ಆ್ಯಪ್ ಕಾಲ್ ಹಚ್ಚಿ ಫೋನನ್ನು ಟೇಬಲ್ ಮೇಲಿಟ್ಟರು. ಅಲ್ಲಿ ಹಿಂದಿನ ದಿನದ ರಾತ್ರಿ.

"ಕಾಕಾ, ಪರ್ಮಿಟ್ ಮೇಲೆ ಇದ್ದೋರು ಹಿಂಗ ರಿಜಿಸ್ಟರ್ ಮಾಡ್ಕೋಬಹುದಾ? ಏನಾದ್ರೂ ತೊಂದ್ರೆ ಆಗ್ತದಾ?"

ಅವಳು ಕೇಳಿದ್ದು ಇಷ್ಟೇ. ಇದಕ್ಕೆ ಉತ್ತರ ಸುಲಭ. ಅವಳು ಕೇಳದೇ ಬಿಟ್ಟ ಇನ್ನೊಂದು ಪ್ರಶ್ನೆಯಲ್ಲಿ ಅವಳ ಇಡೀ ಭವಿಷ್ಯ ಇತ್ತು.

ಮೊದಲು ಸುಲಭದ್ದು

"ಪರ್ಮಿಟ್ ಹಾಳೆಯ ಫೋಟೊ ಕಳಿಸವ್ವಾ" ಅಂದೆ. ಅದರಲ್ಲಿ ಉದ್ಯೋಗದಾತರ ಜಾಗದಲ್ಲಿ 'ಓಪನ್' ಎಂದಿತ್ತು. ಕೆಲಸದ ಜಾಗದಲ್ಲೂ ಅದೇ. ಕೆಳಗಿನ ಷರತ್ತುಗಳಲ್ಲಿ ಇವಳ ಕೆಲಸಕ್ಕೆ ಅಡ್ಡಿಯಾಗುವಂಥದ್ದು ಏನೂ ಇರಲಿಲ್ಲ. ಇಂಥ ಓಪನ್ ಪರ್ಮಿಟ್ ಇದ್ದವರು ಯಾರ ಬಳಿ ಬೇಕಾದರೂ ದುಡಿಯಬಹುದು. ಸ್ವಂತಕ್ಕೂ ದುಡಿಯಬಹುದು. ಕಾನೂನಿನ ತಕರಾರಿಲ್ಲ.

ಒಬ್ಬನೇ ಉದ್ಯೋಗದಾತನ ಹೆಸರು ಬರೆದಿರುವ ಪರ್ಮಿಟ್ ಇದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ ಪರ್ಮಿಟ್ ಮೇಲೆ ಬೇರೆಯವರಿಗೆ ಬಿಲ್ ಬರೆದು ದುಡಿದರೆ ಅದು ಅನುಮತಿ ಇಲ್ಲದ ಕೆಲಸ. ದೇಶದಲ್ಲಿ ಇರುವ ಹಕ್ಕಿಗೇ ಕುತ್ತು ಬರುತ್ತದೆ. ಎಷ್ಟೋ ಮಂದಿ ಈ ವ್ಯತ್ಯಾಸ ನೋಡದೆ "ನಮ್ಮ ಗೆಳೆಯ ಮಾಡ್ಕೊಂಡಾನೆ, ನಾನೂ ಮಾಡ್ಕೋತೀನಿ" ಅನ್ನುತ್ತಾರೆ. ಗೆಳೆಯನ ಪರ್ಮಿಟ್ ಬೇರೆ ಇರಬಹುದು. ನಿಮ್ಮ ಹಾಳೆಯಲ್ಲಿ ಏನು ಬರೆದಿದೆಯೋ ಅದೇ ನಿಮಗೆ ಕಾನೂನು.

ರಿಜಿಸ್ಟರ್ ಮಾಡುವ ಕೆಲಸವೂ ದೊಡ್ಡದಲ್ಲ. ಒಂಟಾರಿಯೊದಲ್ಲಿ ತನ್ನ ಸ್ವಂತ ಹೆಸರಲ್ಲೇ ವ್ಯವಹಾರ ಮಾಡುವವರು ವ್ಯಾಪಾರದ ಹೆಸರು ನೋಂದಾಯಿಸಬೇಕಾಗಿಯೇ ಇಲ್ಲ. ಬೇರೆ ಹೆಸರು ಇಟ್ಟುಕೊಂಡರೆ 60 ಡಾಲರ್ ಕಟ್ಟಿ ನೋಂದಾಯಿಸಬೇಕು. ಅದು ಐದು ವರ್ಷ ನಡೆಯುತ್ತದೆ. ನಮ್ಮ ಜಿಎಸ್‌ಟಿಯಂಥ ತೆರಿಗೆ ಅಲ್ಲಿ ಎಚ್‌ಎಸ್‌ಟಿ, ಒಂಟಾರಿಯೊದಲ್ಲಿ ಶೇ. 13. ಸಾಲಾಗಿ ನಾಲ್ಕು ತ್ರೈಮಾಸಿಕಗಳ ವಹಿವಾಟು 30,000 ಡಾಲರ್ ದಾಟುವವರೆಗೆ ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೆ ಗಂಟೆಗೆ 32ರಂತೆ ವಾರಕ್ಕೆ 40 ಗಂಟೆ ದುಡಿದರೆ ಆರು ತಿಂಗಳೊಳಗೇ ಆ ಗೆರೆ ದಾಟುತ್ತಾಳೆ. ಆಮೇಲೆ ಬಿಲ್ಲಿನ ಮೇಲೆ ತೆರಿಗೆ ಹಾಕಬೇಕು, ವಸೂಲಿ ಮಾಡಬೇಕು, ಸರ್ಕಾರಕ್ಕೆ ಕಟ್ಟಬೇಕು, ರಿಟರ್ನ್ ಹಾಕಬೇಕು.

ಅಪ್ಪ ಮಧ್ಯೆ ಕೇಳಿದರು: "ಹಂಗಾದ್ರೆ ಮಾಡ್ಕೊಳ್ಳಲಿ ಬಿಡ್ರಿ ಸರ. ಈಗಿನ ಪಗಾರದ ಹತ್ತತ್ರ ಡಬಲ್ ಆಗ್ತದ. ಕಂತು ತೀರ್ತದ."

ತಪ್ಪು ಮಾತಲ್ಲ. ಸೈಟು ಅಡವಿಟ್ಟ ಅಪ್ಪ ಹಾಗೆ ಯೋಚಿಸಲೇಬೇಕು. ನಾನು ಆ ದಿನ ಹೂಂ ಅನ್ನಲಿಲ್ಲ. ಮಗಳನ್ನು ಒಂದೇ ಮಾತು ಕೇಳಿದೆ: "ಅಲ್ಲೇ ನಿಲ್ಲಬೇಕು ಅಂತ ಇದ್ದೀಯೇನವ್ವಾ, ಇಲ್ಲಾ ಸಾಲ ತೀರಿಸಿ ವಾಪಸ್ ಬರ್ತೀಯಾ?"

"ಪಿಆರ್ ಮಾಡ್ಕೋಬೇಕು ಕಾಕಾ. ಅದಕ್ಕೇ ಅಲ್ವಾ ಬಂದಿದ್ದು."

ಪಿಆರ್ ಅಂದರೆ ಕಾಯಂ ವಾಸದ ಹಕ್ಕು. ಆ ಉತ್ತರದಿಂದ ಇಡೀ ಲೆಕ್ಕ ಬದಲಾಯಿತು.

ದುಡಿದ ವರ್ಷ ಲೆಕ್ಕಕ್ಕೆ ಬರುತ್ತದೋ ಇಲ್ಲವೋ

ಕೆನಡಾದಲ್ಲಿ ಓದಿ ಅಲ್ಲೇ ದುಡಿದವರು ಪಿಆರ್‌ಗೆ ಸಾಮಾನ್ಯವಾಗಿ ಹಿಡಿಯುವ ದಾರಿ ಕೆನೆಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್. ಇದಕ್ಕೆ ಕಳೆದ ಮೂರು ವರ್ಷದೊಳಗೆ ಕೆನಡಾದಲ್ಲಿ ಕನಿಷ್ಠ ಒಂದು ವರ್ಷದ ನುರಿತ ಕೆಲಸದ ಅನುಭವ ಬೇಕು. ಒಂದು ವರ್ಷ ಅಂದರೆ 1,560 ಗಂಟೆ, ವಾರಕ್ಕೆ 30 ಗಂಟೆಯ ಲೆಕ್ಕ. ವಾರಕ್ಕೆ 60 ಗಂಟೆ ದುಡಿದು ಆರು ತಿಂಗಳಲ್ಲಿ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ. 30ಕ್ಕಿಂತ ಜಾಸ್ತಿ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸವೂ ಅವರ ಉದ್ಯೋಗ ಪಟ್ಟಿಯಲ್ಲಿ 'ಟೀರ್' ಎಂಬ ದರ್ಜೆ 0ರಿಂದ 3ರೊಳಗೆ ಇರಬೇಕು. ಅಂಗಡಿಯಲ್ಲಿ ನಿಂತ ಒಂದು ವರ್ಷದ ಮೇಲಿನ ದುಡಿಮೆ ಅದರೊಳಗೆ ಬರುವುದಿಲ್ಲ. ಟೆಸ್ಟಿಂಗ್ ಕೆಲಸ ಬರುತ್ತದೆ.

ಇದೇ ನಿಯಮದಲ್ಲಿ ಇನ್ನೊಂದು ಸಾಲು ಇದೆ. ಓದುವಾಗ ಮಾಡಿದ ಕೆಲಸ ಲೆಕ್ಕಕ್ಕಿಲ್ಲ. ಸ್ವಂತ ಉದ್ಯೋಗದ ಕೆಲಸವೂ ಲೆಕ್ಕಕ್ಕಿಲ್ಲ.

ಇವಳಿಗೆ ಆ ಸಾಲು ಗೊತ್ತಿರಲಿಲ್ಲ. ಕಂಪನಿಯವರು ಹೇಳಿರಲಿಲ್ಲ. ಅವಳ ಜೊತೆ ಕೋಣೆಯಲ್ಲಿದ್ದ ಹುಡುಗಿಯರೂ "ಓಪನ್ ಪರ್ಮಿಟ್ ಐತಲ್ಲ, ಏನೂ ಆಗಲ್ಲ" ಅಂದಿದ್ದರಂತೆ. ಅವರು ಹೇಳಿದ್ದೂ ಸುಳ್ಳಲ್ಲ. ಮಾಡಬಹುದು. ಆದರೆ ಪರ್ಮಿಟ್ ಮುಗಿಯುವುದು 2026ರ ಆಗಸ್ಟ್‌ಗೆ. 2024ರ ಅಕ್ಟೋಬರ್‌ನಿಂದ ಎಣಿಸಿದರೆ ಎರಡು ವರ್ಷ ಕೂಡ ಇರಲಿಲ್ಲ. ಅದರಲ್ಲಿ ಒಂದು ವರ್ಷ ಕಾಂಟ್ರಾಕ್ಟರ್ ಆಗಿ ದುಡಿದು, ಆಮೇಲೆ ಈ ಸಾಲು ಕಣ್ಣಿಗೆ ಬಿದ್ದಿದ್ದರೆ? ಮತ್ತೆ ಪೇರೋಲ್ ಕೆಲಸ ಹುಡುಕಿ ಒಂದು ವರ್ಷ ಪೂರೈಸಲು ಸಮಯವೇ ಉಳಿಯುತ್ತಿರಲಿಲ್ಲ.

ಬೇರೆ ದಾರಿ ಇಲ್ಲವೇ ಅಂತ ಅವಳು ಕೇಳಿದಳು. ಇದೆ. ಫೆಡರಲ್ ಸ್ಕಿಲ್ಡ್ ವರ್ಕರ್ ಎಂಬ ದಾರಿಯಲ್ಲಿ ಸ್ವಂತ ಉದ್ಯೋಗದ ಅನುಭವವನ್ನೂ ಒಪ್ಪುತ್ತಾರೆ. ಆದರೆ ಅಲ್ಲಿ 100ಕ್ಕೆ 67 ಅಂಕದ ಬೇರೆ ಪರೀಕ್ಷೆ ಇದೆ. ಜೀವನಕ್ಕೆ ಇಷ್ಟು ಹಣ ಕೈಯಲ್ಲಿದೆ ಎಂದು ಸಾಮಾನ್ಯವಾಗಿ ತೋರಿಸಬೇಕು. ಸಾಲದಲ್ಲಿರುವ ಮನೆಗೆ ಅದೇ ಕಷ್ಟ. ಇನ್ನೂ ದೊಡ್ಡ ಹೊಡೆತ ಬೇರೆ ಕಡೆ. ಎಲ್ಲರನ್ನೂ ಸಾಲಲ್ಲಿ ನಿಲ್ಲಿಸುವ ಸಿಆರ್‌ಎಸ್ ಅಂಕಪಟ್ಟಿಯಲ್ಲಿ ಒಂಟಿ ಅರ್ಜಿದಾರರಿಗೆ ಒಂದು ವರ್ಷದ ಕೆನಡಾ ಅನುಭವಕ್ಕೆ 40 ಅಂಕ, ಎರಡು ವರ್ಷಕ್ಕೆ 53. ಅಲ್ಲಿಯೂ ಸ್ವಂತ ಉದ್ಯೋಗಕ್ಕೆ ಸೊನ್ನೆ. ಒಂದೊಂದು ಅಂಕಕ್ಕೆ ಸಾವಿರಾರು ಜನ ಹಿಂದೆ ಮುಂದೆ ಆಗುವ ಸಾಲಿನಲ್ಲಿ 40 ಬಿಟ್ಟುಕೊಡುವುದು ಸುಮ್ನೆ ಮಾತಲ್ಲ.

ಕಂಪನಿ ಕಾಂಟ್ರಾಕ್ಟರ್ ಅಂದಮಾತ್ರಕ್ಕೆ ಕಾಂಟ್ರಾಕ್ಟರ್ ಆಗುತ್ತಾಳೆಯೇ?

ನನಗೆ ಸಿಟ್ಟು ಬಂದದ್ದು ಇಲ್ಲಿ. ಆಫರ್ ಪತ್ರವನ್ನು ಓದಿದೆ. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ ಒಂಬತ್ತರಿಂದ ಐದು. ಲ್ಯಾಪ್‌ಟಾಪ್ ಕಂಪನಿಯದು. ಕೆಲಸ ಹೇಳುವವನು ಕಂಪನಿಯ ಮ್ಯಾನೇಜರ್. ರಜೆಗೆ ಅವನ ಅನುಮತಿ. ತನ್ನ ಬದಲು ಬೇರೆಯವರನ್ನು ಕಳಿಸುವ ಹಾಗಿಲ್ಲ. ಗಂಟೆಗೆ ಇಷ್ಟು ಅಂತ ಗೊತ್ತು ಮಾಡಿದ ಹಣ. ಇದರಲ್ಲಿ ವ್ಯಾಪಾರ ಎಲ್ಲಿದೆ?

ಕೆನಡಾದ ತೆರಿಗೆ ಇಲಾಖೆ, ಅಂದರೆ ಸಿಆರ್‌ಎ, ಒಬ್ಬರು ನೌಕರರೋ ಸ್ವಂತ ಉದ್ಯೋಗಿಯೋ ಎಂದು ನೋಡುವಾಗ ಪತ್ರದ ತಲೆಬರಹ ಒಂದನ್ನೇ ನೋಡುವುದಿಲ್ಲ. ಕೆಲಸದ ಮೇಲೆ ಹಿಡಿತ ಯಾರದು, ಉಪಕರಣ ಯಾರದು, ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದೇ, ಬಂಡವಾಳ ಯಾರದು, ಲಾಭ ನಷ್ಟ ಯಾರ ತಲೆಗೆ, ಇವನ್ನು ನೋಡುತ್ತದೆ. ಇವಳಿಗೆ ನಷ್ಟ ಆಗುವ ದಾರಿಯೂ ಇಲ್ಲ, ಲಾಭ ಹೆಚ್ಚಿಸಿಕೊಳ್ಳುವ ದಾರಿಯೂ ಇಲ್ಲ. ಒಂಟಾರಿಯೊದ ಕಾರ್ಮಿಕ ಕಾನೂನಿನಲ್ಲಿ ನೌಕರರನ್ನು ಕಾಂಟ್ರಾಕ್ಟರ್ ಎಂದು ತೋರಿಸುವುದನ್ನು 2017ರಿಂದಲೇ ನಿಷೇಧಿಸಿದ್ದಾರೆ.

ನಮ್ಮಲ್ಲೂ ಇದು ಹೊಸದಲ್ಲ. 20 ಜನ ಆದರೆ ಪಿಎಫ್, 10 ಜನ ಆದರೆ ಇಎಸ್ಐ. ಅದನ್ನು ತಪ್ಪಿಸಲು ಬಳ್ಳಾರಿ, ಹೊಸಪೇಟೆ ಕಡೆ ಎಷ್ಟೋ ಹುಡುಗರಿಗೆ ಸಂಬಳದ ಬದಲು 'ಪ್ರೊಫೆಷನಲ್ ಫೀ' ಎಂದು ಬರೆದು, ಟಿಡಿಎಸ್ ಹಿಡಿದು ಹಣ ಹಾಕುತ್ತಾರೆ. ಅವರ ರಿಟರ್ನ್ ಹಾಕಲು ಬಂದಾಗ ನಾನು ನೋಡುತ್ತೇನೆ. ಆದರೆ ಇಲ್ಲಿನ ಹುಡುಗ ಪಿಎಫ್ ಕಳಕೊಂಡರೂ ದೇಶ ಕಳಕೊಳ್ಳುವುದಿಲ್ಲ. ಪರ್ಮಿಟ್ ಮೇಲಿರುವವಳ ಕಥೆ ಹಾಗಲ್ಲ.

"ಹಂಗಾದ್ರೆ ನಾನು ನಿಜವಾಗಿ ನೌಕರಳೇ ಅಂತ ಆಮೇಲೆ ವಾದ ಮಾಡಬಹುದಲ್ಲ ಕಾಕಾ?" ಎಂದಳು. ಜಾಣ ಪ್ರಶ್ನೆ. ಇಮಿಗ್ರೇಷನ್ ಅಧಿಕಾರಿಗಳೂ ಹೆಚ್ಚು ಕಡಿಮೆ ಇದೇ ಅಂಶಗಳನ್ನು ತೂಗುತ್ತಾರೆ. ಸಿಆರ್‌ಎಗೆ ಅರ್ಜಿ ಹಾಕಿ "ನನ್ನನ್ನು ನೌಕರಳೆಂದು ತೀರ್ಮಾನಿಸಿ" ಎಂದು ಕೇಳುವ ಸಿಪಿಟಿ1 ಎಂಬ ನಮೂನೆಯೂ ಇದೆ. ಆದರೆ ಆ ಹೊತ್ತಿಗೆ ಕಾಗದಗಳೆಲ್ಲ ಅವಳ ವಿರುದ್ಧವೇ ಇರುತ್ತವೆ. ಅವಳೇ ಸಹಿ ಮಾಡಿದ ಒಪ್ಪಂದ, ಅವಳೇ ಕಳಿಸಿದ ಬಿಲ್ಲು, ಅವಳದೇ ಎಚ್‌ಎಸ್‌ಟಿ ನಂಬರು. ನೌಕರರಿಗೆ ಕೊಡುವ ಟಿ4 ಹಾಳೆ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಿಆರ್ ಅರ್ಜಿಗೆ ಕೆಲಸದ ವಿವರ, ಗಂಟೆ, ಸಂಬಳ ಬರೆದ ಪತ್ರವನ್ನು ಕೊಡಬೇಕಾದವರು ಅದೇ ಕಂಪನಿಯವರು. ಅವರ ಮೇಲೆ ತೆರಿಗೆ ಇಲಾಖೆಗೆ ದೂರು ಕೊಟ್ಟು, ಮರುದಿನ ಅವರ ಬಳಿಯೇ ಪತ್ರ ಕೇಳುವುದು ಹೇಗೆ? ಹಕ್ಕು ಕಾನೂನಿನಲ್ಲಿದೆ, ಒಪ್ಪುತ್ತೇನೆ. ಆದರೆ ಪರ್ಮಿಟ್ ದಿನ ಎಣಿಸುತ್ತಿರುವವರ ಕೈಯಲ್ಲಿ ಆ ಹಕ್ಕು ಚಲಾಯಿಸುವಷ್ಟು ಸಮಯ ಇರುವುದಿಲ್ಲ. ಇಂಥ ಷರತ್ತು ಹಾಕುವವರಿಗೆ ಅದು ಗೊತ್ತಿರುತ್ತದೆ ಎಂಬುದೇ ನನ್ನ ಅನುಮಾನ.

ಅಲ್ಲಿನ ಒಬ್ಬ ಅಕೌಂಟೆಂಟ್ "ಪ್ರೈವೇಟ್ ಕಂಪನಿ ಮಾಡಿಕೋ, ತೆರಿಗೆ ಉಳಿಯುತ್ತದೆ" ಎಂದಿದ್ದನಂತೆ. ಅದೂ ಹೊಂದುವುದಿಲ್ಲ. ತಾನೇ ಮಾಲೀಕಳಾದ ಕಂಪನಿಯಲ್ಲಿ ತಾನೇ ನೌಕರಳಾದರೆ ಇಮಿಗ್ರೇಷನ್ ಕಣ್ಣಲ್ಲಿ ಅದು ಸ್ವಂತ ಉದ್ಯೋಗವೇ. ಮೇಲಾಗಿ, ನೌಕರಿಯಂಥ ಕೆಲಸವನ್ನೇ ಕಂಪನಿ ಹೆಸರಲ್ಲಿ ಮಾಡಿದರೆ ಸಣ್ಣ ಉದ್ದಿಮೆಗೆ ಇರುವ ತೆರಿಗೆ ರಿಯಾಯಿತಿಯೂ ಕೈತಪ್ಪುತ್ತದೆ.

ಐದು ಡಾಲರ್ ಎಲ್ಲಿ ಹೋಯಿತು

ಅಪ್ಪನಿಗೆ ಅಂಕ, ಟೀರ್ ಇವೆಲ್ಲ ದೂರದ ಮಾತು. ಅವರಿಗೆ ದುಡ್ಡಿನ ಲೆಕ್ಕವೇ ಬೇಕಿತ್ತು. ಅದೇ ಊರಲ್ಲಿ ಏಜೆನ್ಸಿ ಪೇರೋಲ್ ಮೇಲೆ ಇಂಥದೇ ಕೆಲಸಕ್ಕೆ ಗಂಟೆಗೆ 27 ಡಾಲರ್ ನಡೆಯುತ್ತಿದೆ ಎಂದು ಮಗಳು ವಿಚಾರಿಸಿ ಹೇಳಿದಳು. ಇಬ್ಬರ ಎದುರಿಗೇ ಹಾಳೆ ತೆಗೆದು ಬರೆದೆ.

ಪೇರೋಲ್ ಮೇಲಿದ್ದರೆ ವರ್ಷಕ್ಕೆ 2,080 ಗಂಟೆ, 27ರಂತೆ 56,160 ಡಾಲರ್. ಇದರಲ್ಲಿ ಎರಡು ವಾರದ ರಜೆ, ಒಂಟಾರಿಯೊದ ಒಂಬತ್ತು ಸಾರ್ವಜನಿಕ ರಜೆ, ಎರಡಕ್ಕೂ ಸಂಬಳ ಬರುತ್ತದೆ. ಕಾಂಟ್ರಾಕ್ಟರ್ ಆದರೆ ರಜೆಗೆ ಬಿಲ್ ಬರೆಯುವ ಹಾಗಿಲ್ಲ. ಅದೇ ರಜೆ ತೆಗೆದರೆ ಉಳಿಯುವುದು 1,928 ಗಂಟೆ, 32ರಂತೆ 61,696 ಡಾಲರ್. ವ್ಯತ್ಯಾಸ 5,536.

ಇನ್ನು ಸಿಪಿಪಿ. ಅದು ಅಲ್ಲಿನ ಪಿಂಚಣಿ ವಂತಿಗೆ. ಮೊದಲ 3,500 ಡಾಲರ್ ಬಿಟ್ಟು ಉಳಿದ ದುಡಿಮೆ ಮೇಲೆ ನೌಕರರು ಶೇ. 5.95 ಕಟ್ಟುತ್ತಾರೆ, ಕಂಪನಿ ಅಷ್ಟೇ ಸೇರಿಸುತ್ತದೆ. ಸ್ವಂತ ಉದ್ಯೋಗಿಗೆ ಎರಡೂ ಪಾಲು ತನ್ನದೇ, ಶೇ. 11.9. ನೌಕರಳಾದರೆ ಸುಮಾರು 3,133 ಡಾಲರ್, ಕಾಂಟ್ರಾಕ್ಟರ್ ಆದರೆ ಸುಮಾರು 6,925. ಅಲ್ಲಿಗೇ 3,792 ಹೋಯಿತು. ಉಳಿದದ್ದು 1,744. ಹೆಚ್ಚು ಕಟ್ಟಿದ ಪಾಲಿಗೆ ತೆರಿಗೆಯಲ್ಲಿ ಸ್ವಲ್ಪ ಕಡಿತ ಸಿಗುತ್ತದೆ. ಉದ್ಯೋಗ ವಿಮೆ ಅಂದರೆ ಇಐ ಕಟ್ಟುವುದೂ ಕಡ್ಡಾಯವಿಲ್ಲ, ಹಾಗಾಗಿ ಸುಮಾರು 900 ಡಾಲರ್ ಉಳಿಯುತ್ತದೆ. ಆದರೆ ಕೆಲಸ ಹೋದರೆ ಕೈಹಿಡಿಯುವುದೇ ಆ ವಿಮೆ. ಅದನ್ನು ಉಳಿತಾಯ ಅಂತ ಎಣಿಸಿದರೂ, ಗಂಟೆಗೆ ಐದು ಡಾಲರ್ ಜಾಸ್ತಿ ಎಂದು ಕಂಡದ್ದು ಒಂದೂವರೆ ಡಾಲರ್‌ಗಿಂತ ಕೆಳಗೆ ಇಳಿಯಿತು. ಅದರ ಮೇಲೆ ಎಚ್‌ಎಸ್‌ಟಿ ರಿಟರ್ನ್ ಹಾಕುವವನ ಫೀ ಬೇರೆ.

ಅಪ್ಪ ಹಾಳೆಯನ್ನು ಎತ್ತಿಕೊಂಡು ಕನ್ನಡಕ ಸರಿಮಾಡಿ ಎರಡು ಸಲ ನೋಡಿದರು. "ಇಷ್ಟಕ್ಕಾ ಸರ?" ಎಂದರು. ದಲಾಲಿ ಅಂಗಡಿಯ ಪಟ್ಟಿಯಲ್ಲಿ ಹಮಾಲಿ, ಕಮಿಷನ್ ಎಲ್ಲ ಕಳೆದು ಕೊನೆಗೆ ಕೈಗೆ ಬರುವ ಮೊತ್ತ ನೋಡಿ ಅಭ್ಯಾಸ ಇರುವವರು. ಅವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಮುಂದೆ ಆದದ್ದು

ನಾನು ಕೆನಡಾ ಕಾನೂನಿನ ಪರಿಣತನಲ್ಲ. ಹಾಗಾಗಿ ಲೈಸೆನ್ಸ್ ಇರುವ ಇಮಿಗ್ರೇಷನ್ ಕನ್ಸಲ್ಟೆಂಟ್ ಒಬ್ಬರಿಗೆ ಫೀ ಕೊಟ್ಟು ಕೇಳಲು ಹೇಳಿದೆ. ಅವರೂ ಇದನ್ನೇ ಹೇಳಿದರು. ಲೈಸೆನ್ಸ್ ಇದೆಯೇ ಎಂದು, ಅದನ್ನು ಕೊಡುವ 'ಕಾಲೇಜ್' ಎಂಬ ನಿಯಂತ್ರಣ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಬಹುದು. ಊರಿನ ಏಜೆಂಟರ ಮಾತು ಕೇಳಿ ಸಹಿ ಹಾಕುವವರು ಇದೊಂದನ್ನಾದರೂ ಮಾಡಿ.

ಆಮೇಲೆ ಅವಳು ಕಂಪನಿಗೆ ಸೌಜನ್ಯದಿಂದ ಒಂದು ಮೇಲ್ ಬರೆದಳು. ಕೆಲಸ ಇಷ್ಟವಾಗಿದೆ, ಆದರೆ ಪಿಆರ್‌ಗಾಗಿ ಟಿ4 ಬರುವ ನೌಕರಿ ಬೇಕು, ಏಜೆನ್ಸಿ ಮೂಲಕ ತೆಗೆದುಕೊಂಡರೂ ಒಪ್ಪಿಗೆ, ದರ ಕಡಿಮೆಯಾದರೂ ಪರವಾಗಿಲ್ಲ ಅಂತ. ಕಾನೂನಿನ ಸೆಕ್ಷನ್ ಯಾವುದನ್ನೂ ಬರೆಯಲಿಲ್ಲ. ಮೊದಲ ಉತ್ತರ "ಸಾಧ್ಯವಿಲ್ಲ". ಅವಳು ಅಂಗಡಿ ಕೆಲಸ ಬಿಡದೆ ಕಾದಳು. ಆ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಗಿತ್ತು ಎಂದು ಅವಳ ಅವ್ವ ನನಗೆ ಆಮೇಲೆ ಹೇಳಿದರು. ಕೈಗೆ ಬಂದದ್ದನ್ನು ಬೇಡ ಅಂದಳಲ್ಲ ಎಂಬ ಸಂಕಟ. ಕೆಲವು ವಾರದ ಮೇಲೆ ಕಂಪನಿಯೇ ಮತ್ತೆ ಮೇಲ್ ಮಾಡಿತು. ತಮಗೆ ಜನ ಒದಗಿಸುವ ಏಜೆನ್ಸಿಯ ಪೇರೋಲ್ ಮೇಲೆ, ಗಂಟೆಗೆ 27. ಏಜೆನ್ಸಿಯ ನೌಕರಳಾದರೂ ನೌಕರಳೇ. 2024ರ ಡಿಸೆಂಬರ್‌ನಲ್ಲಿ ಸೇರಿದಳು.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಕಂಪನಿ ಒಪ್ಪದೇ ಇದ್ದಿದ್ದರೂ ನನ್ನ ಸಲಹೆ ಅದೇ ಇರುತ್ತಿತ್ತು. ಪಿಆರ್ ಬೇಡ, ಎರಡು ವರ್ಷ ದುಡಿದು ಸಾಲ ತೀರಿಸಿ ಬರುತ್ತೇನೆ ಅಂದಿದ್ದರೆ "ಬಿಲ್ ಬರೆಯವ್ವಾ, ತೆರಿಗೆ ಎತ್ತಿಡು" ಅನ್ನುತ್ತಿದ್ದೆ.

ಒಂದು ವಿಷಯ ಉಳಿದಿತ್ತು. ಅಂಗಡಿ ಕೆಲಸದ ದಿನಗಳಿಂದಲೂ ಅವಳು ಶನಿವಾರ, ಭಾನುವಾರ ಪರಿಚಯದವರ ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಅದನ್ನೂ ನಿಲ್ಲಿಸಬೇಕೇ ಎಂದು ಹೆದರಿ ಕೇಳಿದಳು. ಬೇಕಿಲ್ಲ. ನೌಕರಿಯ ಜೊತೆಗೆ ಸ್ವಂತ ಕೆಲಸ ಮಾಡಲು ಅವಳ ಪರ್ಮಿಟ್ ಬಿಡುತ್ತದೆ. ಆ ಗಂಟೆಗಳು ಪಿಆರ್ ಲೆಕ್ಕಕ್ಕೆ ಸೇರುವುದಿಲ್ಲ, ನೌಕರಿಯ ಗಂಟೆಗಳನ್ನು ಕಡಿಮೆಯೂ ಮಾಡುವುದಿಲ್ಲ. ಸ್ವಂತ ಹೆಸರಲ್ಲೇ ಮಾಡುವುದರಿಂದ ಹೆಸರು ನೋಂದಣಿ ಬೇಡ. 30,000ದ ಗೆರೆಗೆ ತುಂಬಾ ಕೆಳಗಿರುವುದರಿಂದ ಎಚ್‌ಎಸ್‌ಟಿ ಬೇಡ. ಆದರೆ ಆ ಆದಾಯವನ್ನು ಟಿ2125 ನಮೂನೆಯಲ್ಲಿ ತೋರಿಸಲೇಬೇಕು. ಸ್ವಂತ ಉದ್ಯೋಗದ ಆದಾಯ ಇರುವವರು ರಿಟರ್ನ್ ಹಾಕಲು ಜೂನ್ 15ರವರೆಗೆ ಸಮಯ ಇದೆ. ತೆರಿಗೆ ಬಾಕಿ ಇದ್ದರೆ ಮಾತ್ರ ಏಪ್ರಿಲ್ 30ರೊಳಗೇ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ.

ಈಗ ಅವಳು ಪ್ರತಿ ಸಂಬಳದ ಚೀಟಿಯನ್ನೂ ಒಂದು ಫೋಲ್ಡರ್‌ನಲ್ಲಿ, ವೆಬ್‌ಸೈಟ್ ಬಿಲ್ಲುಗಳನ್ನು ಇನ್ನೊಂದು ಫೋಲ್ಡರ್‌ನಲ್ಲಿ ಇಡುತ್ತಾಳೆ. ಎರಡನ್ನೂ ಬೆರೆಸಬಾರದು ಎಂದು ನಾನೇ ಹೇಳಿದ್ದು. ಕೆಲಸದ ಪತ್ರವನ್ನೂ ವರ್ಷ ಮುಗಿಯಲಿ ಎಂದು ಕಾಯದೆ, ಈಗಿನ ಮ್ಯಾನೇಜರ್ ಇರುವಾಗಲೇ ಕೆಲಸದ ವಿವರಗಳ ಸಮೇತ ಒಂದು ಸಲ ಬರೆಸಿಕೊಂಡಿದ್ದಾಳೆ.